ಜೊತೆಗೆ ಬಂದವರು

ಬೆಳಿಗ್ಗೆ ಎದ್ದು ಒತ್ತಿದರೆ ಉಬ್ಬಸದ ಪಂಪು ಟುಸ್ ಎಂದಿತೇ ಹೊರತು ಔಷಧಿ ಬರಲಿಲ್ಲ. ಹಾಸಿಗೆ ಹೊಲಿಯುವ ಆಸಾಮಿಗೆ ಹತ್ತಿಯೇ ಅನ್ನ, ಹತ್ತಿಯೇ ಶತ್ರು. ಎದೆ ಸದಾ ಸಿಳ್ಳೆ ಹಾಕುತ್ತಿದ್ದುದರಿಂದ ಬೀದಿಯ ಮಕ್ಕಳು ಅವನನ್ನು ಪೀಪಿ ಮಾಮ ಎನ್ನುತ್ತಿದ್ದರು. ಊರಿಗೆಲ್ಲ ಜೋಡಿ ಹಾಸಿಗೆ ಹೊಲಿದುಕೊಟ್ಟವನು ತಾನು ಮಲಗುತ್ತಿದ್ದುದು ಒಂಟಿ ಮಂಚದಲ್ಲಿ.

ಹೊಸ ಪಂಪಿಗೆ ಡಾಕ್ಟರ ಚೀಟಿ ಬೇಕು. ಪಂಪು ಮುಗಿಯುತ್ತ ಬಂದಿದ್ದ ಮೂರು ದಿನದಿಂದ ಕ್ಲಿನಿಕ್ಕಿನವರು ಫೋನಿನಲ್ಲಿ "ನಾಳೆ ನೋಡೋಣ" ಎನ್ನುತ್ತಲೇ ಇದ್ದರು. ಇವತ್ತು ಮಾಮ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಹನ್ನೆರಡನೇ ನಂಬರು ಗಿಟ್ಟಿಸಿದ.

"ಜೊತೆಗ್ಯಾರು ಬಂದಿದಾರೆ?" ಎಂದಳು ಕೌಂಟರಿನಾಕೆ.

"ನಾನೇ ಬಂದಿದೀನಲ್ಲಮ್ಮ."

"ನೀವು ಪೇಷಂಟು. ಹೋದ ವಾರ ಒಬ್ರು ತಲೆ ಸುತ್ತಿ ಮೆಟ್ಟಿಲ ಮೇಲೆ ಬಿದ್ರು. ಇನ್ಮೇಲೆ ಒಂಟಿಯಾಗಿ ಬಂದವ್ರನ್ನ ಒಳಗೆ ಬಿಡೋ ಹಾಗಿಲ್ಲ."

ಮಾಮ ನೆರೆಯವರಿಗೆ ಫೋನ್ ಮಾಡಿದ. ಎದುರುಮನೆ ದರ್ಜಿ ಬಿಸಿನೀರು ಕುಡಿಯಲು ಹೇಳಿದ. ಮಹಡಿ ಮನೆಯ ನಿವೃತ್ತ ಗುಮಾಸ್ತರು ಇಪ್ಪತ್ತು ನಿಮಿಷ ಉಸಿರಾಟದ ಪಾಠ ಮಾಡಿದರು. ಹೂಂಗುಟ್ಟಿ ಹೂಂಗುಟ್ಟಿ ಮಾಮನ ಇದ್ದಬದ್ದ ಉಸಿರೂ ಮುಗಿಯಿತು. ಉಪದೇಶಕ್ಕೆ ಊರೆಲ್ಲ, ಜೊತೆಗೆ ಬರಲು ನರಪಿಳ್ಳೆ ಇಲ್ಲ. ಹೆಂಡತಿ ಬದುಕಿದ್ದಿದ್ದರೆ ಬೈಯುತ್ತಲಾದರೂ ಬಂದಿರುತ್ತಿದ್ದಳು ಎಂದು ನೆನೆದು ಅವನಿಗೆ ಸಂಕಟವಾಯಿತು.

ಪಕ್ಕದಲ್ಲಿ ಕೂತಿದ್ದ ಮಂಡಿನೋವಿನ ಅಜ್ಜಿ ತೋಳು ತಿವಿದರು. "ನಂಗೂ ಯಾರೂ ಇಲ್ಲಪ್ಪ. ನಂದು ಹನ್ನೊಂದು. ನೀನು ನನ್ನ ಜೊತೆ ಬಾ, ಆಮೇಲೆ ನಾನು ನಿನ್ನ ಜೊತೆ ಬರ್ತೀನಿ."

ಒಳಗೆ ಡಾಕ್ಟರು ಮಂಡಿ ಒತ್ತುತ್ತಿದ್ದವರು ತಲೆಯೆತ್ತಿದರು. "ಆ ಕಿಟಕಿ ಸರಿಯಾಗಿ ಹಾಕ್ರೀ, ಗಾಳಿ ಸಿಳ್ಳೆ ಹಾಕ್ತಿದೆ."

"ಕಿಟಕಿ ಅಲ್ಲ ಸಾರ್, ನಾನು."

"ಅಯ್ಯೋ, ಉಬ್ಬಸ ಜೋರಾಗಿದೆ ಕಣ್ರೀ. ತಡ ಮಾಡ್ಬೇಡಿ, ಹೊರಗೆ ಹೋಗಿ ನಂಬರ್ ತಗೊಳ್ಳಿ."

ಹೊರಗೆ ಬಂದರೆ ಹದಿಮೂರು ನಡೆಯುತ್ತಿತ್ತು. "ಪಕ್ಕದ ಕೋಣೆಯ ಇನ್ನೊಬ್ಬ ಡಾಕ್ಟರ ಹತ್ರ ಹೋಗಿ ಅಂತ ಹನ್ನೆರಡನ್ನ ಮೂರು ಸಲ ಕೂಗಿದೆ, ನೀವಿರ್ಲಿಲ್ಲ" ಎಂದಳು ಕೌಂಟರಿನಾಕೆ.

"ಒಳಗೇ ಇದ್ನಲ್ಲಮ್ಮ."

"ಜೊತೆಯವರಾಗಿ ಇದ್ರಿ. ಪೇಷಂಟಾಗಿ ಇರ್ಲಿಲ್ಲ." ಅವಳು ಕೊನೆಯ ನಂಬರು ಬರೆದುಕೊಟ್ಟಳು.

ಅಜ್ಜಿಗೆ ಕೂಡಲೇ ಮನೆಗೆ ಹೋಗಿ ಮಲಗಬೇಕೆಂದು ಅಪ್ಪಣೆಯಾಗಿತ್ತು. ಮಾಮನೇ ಕೈಹಿಡಿದು ಬಸ್ಸು ಹತ್ತಿಸಿ ಬಂದ. ಅಷ್ಟರಲ್ಲಿ ಕಿವಿನೋವಿನ ಕಂಡಕ್ಟರು, "ಹೇಗೂ ಕಾಯ್ತಿದೀರಲ್ಲ ಅಣ್ಣ, ನನ್ನ ಜೊತೆ ಒಂದ್ನಿಮಿಷ" ಎಂದ. ಅವನ ಹಿಂದೆ ಲೈಬ್ರರಿಯ ಮೇಡಂ, ಅವರ ಹಿಂದೆ ಬೇಕರಿಯವನು. ಜೊತೆಗೆ ಬಾ ಎಂದು ಮಾಮನನ್ನು ಯಾರೂ ಕರೆಯದೆ ವರ್ಷಗಳೇ ಆಗಿದ್ದವು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಸಂಜೆ ಅವನ ನಂಬರು ಬಂತು.

"ಜೊತೆಗ್ಯಾರು?"

ಮಾಮ ತಿರುಗಿ ನೋಡಿದ. ಬೆಂಚುಗಳೆಲ್ಲ ಖಾಲಿ. ವಾಸಿಯಾಗುವವರೆಲ್ಲ ಮನೆಗೆ ಹೋಗಿದ್ದರು.

"ನೀನೇ ಬಾರಮ್ಮ."

"ನಾನು ಸ್ಟಾಫು, ಲೆಕ್ಕಕ್ಕಿಲ್ಲ." ಅವಳು ಷಟರ್ ಅರ್ಧ ಎಳೆದು ಮೃದುವಾಗಿ ಹೇಳಿದಳು, "ನಾಳೆ ಎಂಟಕ್ಕೇ ಬಂದುಬಿಡಿ ಮಾಮ. ನಾಲ್ಕು ಜನ ಒಂಟಿ ಪೇಷಂಟುಗಳು ಫೋನ್ ಮಾಡಿದ್ರು. ನೀವಿದೀರಲ್ಲ ಅಂತ ಧೈರ್ಯ ಹೇಳಿದೀನಿ."

ಮಾಮ ಖಾಲಿ ಪಂಪನ್ನು ಒಮ್ಮೆ ಅಲ್ಲಾಡಿಸಿ ಜೇಬಿಗೆ ಹಾಕಿಕೊಂಡ.

"ಬರ್ತೀನಮ್ಮ" ಎಂದ.