ಕಣ್ಣಿಗೊತ್ತಿಕೊಂಡ ಗುಂಡು

ನಾನು ಧೈರ್ಯವಂತನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ತಿಂಗಳಿಂದ, ಪರದೇಶದ ಈ ಎಟೋಬಿಕೋಕ್ ಊರಿನ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ನಾನು ಸೋಫಾದ ಹಿಂದೆ ಇರುತ್ತೇನೆ. ಮೊದಲ ಸಲ ನನ್ನ ಹೆಂಡತಿ ಮಾಲತಿ ಗಾಬರಿಯಾದಳು. ಈಗ, "ಇನ್ನೂ ಎರಡು ಕೂಗು ಬಾಕಿ ಇದೆ, ಅಲ್ಲೇ ಇರಿ" ಎನ್ನುತ್ತಾಳೆ. ಟೋಸ್ಟರಿನಿಂದ ಬ್ರೆಡ್ಡು ಹಾರಿದರೂ ಕೈ ಎದೆಗೆ ಹೋಗುತ್ತದೆ. ವಿಮಾ ಕಂಪನಿಯಲ್ಲಿ ಕೂತು ಪರರ ಅಪಾಯವನ್ನು ಅಂದಾಜು ಮಾಡಿ ಸಂಬಳ ಪಡೆಯುವವನಿಗೆ ಇದು ಶೋಭಿಸುವುದಿಲ್ಲ, ನಿಜ. ಆದರೆ ಕಾಗದದ ಮೇಲಿನ ಅಪಾಯಕ್ಕೆ ಸದ್ದಿರುವುದಿಲ್ಲ ನೋಡಿ.

ಇದಕ್ಕೆಲ್ಲ ಮೂಲ ನನ್ನ ಸ್ನೇಹಿತ, ಧಾರವಾಡದ ಶಿವಾನಂದ. ಬರ್ಲಿಂಗ್ಟನ್ನಿನ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ಪಾಸು-ಫೇಲು ಮಾಡುವ ಕೆಲಸ ಅವರದು. ಅಳೆಯುವ ಚಟ ಮನೆಗೂ ಬರುತ್ತದೆ. ಊಟಕ್ಕೆ ಕರೆದರೆ ನಮ್ಮ ಚಪಾತಿಯನ್ನು ಅವರು ನೋಡುವ ರೀತಿಗೆ ಮಾಲತಿ ಹೆದರಿ ಅನ್ನ ಮಾಡುತ್ತಾಳೆ. ರೈಫಲಿನಲ್ಲಿ ಗುರಿ ಹೊಡೆಯುವುದು ಅವರ ಹವ್ಯಾಸ. ಲೈಸೆನ್ಸು, ಬೀಗದ ಕಪಾಟು ಎಲ್ಲ ಕ್ರಮಬದ್ಧ. ಆದರೆ ಅಂಗಡಿಯ ತೋಟಾ ಅವರಿಗೆ ಆಗದು. ಹಿತ್ತಾಳೆ ಚಿಪ್ಪಿಗೆ ಮದ್ದು ತುಂಬಿ, ತುದಿಗೆ ಗುಂಡು ಕೂರಿಸಿ, ಎಲ್ಲವನ್ನೂ ಬೇಸ್‌ಮೆಂಟಿನಲ್ಲಿ ತಾವೇ ಜೋಡಿಸುತ್ತಾರೆ. ಅದಕ್ಕೂ ಮೊದಲು ಗುಂಡುಗಳನ್ನು ಒಂದೊಂದಾಗಿ ತೂಗುತ್ತಾರೆ.

"ಒಂದ ಡಬ್ಬ್ಯಾಗಿನ ಗುಂಡು ಒಂದರಂಗ ಒಂದ ಇರಂಗಿಲ್ರೀ ಮೂರ್ತಿಯವರ. ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರೂ ಅದು ತನಗ ತಿಳಿದ ಕಡೆ ಹೋಗ್ತದ."

ಒಂದು ಭಾನುವಾರ ನಾನೂ ಸಹಾಯಕ್ಕೆ ಕೂತೆ. ಮೇಜಿನ ಮೇಲೆ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ಪಕ್ಕದಲ್ಲಿ ಅವರ ಮನೆಯವರು ಕೈಬಿಟ್ಟಿದ್ದ ಏಳು ಬಟ್ಟಲಿನ ಮಸಾಲೆ ಡಬ್ಬಿ. ಒಂದು ಕಾಲಕ್ಕೆ ಸಾಸಿವೆ ಇದ್ದಲ್ಲಿ ಹಗುರ ಗುಂಡು, ಮೆಂತ್ಯ ಇದ್ದಲ್ಲಿ ಭಾರದ್ದು. ನಡುವಿನ ಬಟ್ಟಲಿಗೆ ಮಾತ್ರ ಸರಿಸಮ ತೂಕದವು, ಶನಿವಾರದ ಗುರಿಗಾಗಿ. ಗುಂಡುಗಳಿಗೆ ಇನ್ನೂ ಸಣ್ಣಗೆ ಇಂಗಿನ ವಾಸನೆ. ಮೈಸೂರಿನಲ್ಲಿ ಮೊರದ ಮುಂದೆ ಕೂತು ಅಕ್ಕಿಯ ಕಲ್ಲು ಆರಿಸುತ್ತ ಬೆಳೆದವನು ನಾನು. ಮೂವತ್ತು ಗುಂಡು ತೂಗುವಷ್ಟರಲ್ಲಿ ಪಂಡಿತನಾಗಿಬಿಟ್ಟೆ.

"ಶಿವಾನಂದರೇ, ಇನ್ನು ತಕ್ಕಡಿ ಬೇಡ, ಕೈಗೇ ಗೊತ್ತಾಗ್ತಿದೆ."

"ಕೈನ ಏನ್ ಕೇಳ್ತೀರಿ, ತಕ್ಕಡೀನ ಕೇಳ್ರಿ," ಎಂದು ಅವರು ಚಹಾ ತರಲು ಮೇಲೆ ಹೋದರು.

ನಾನು ಕಾಲು ಚಾಚಿದೆ. ಮೇಜಿನ ಕೆಳಗೆ ಗುಂಡೊಂದು ಪಾದಕ್ಕೆ ತಾಕಿತು. ಎತ್ತಿ, ಎರಡೂ ಕಣ್ಣಿಗೊತ್ತಿಕೊಂಡು, ನಡುವಿನ ಬಟ್ಟಲಿಗೆ ಹಾಕಿದೆ. ಚಹಾ ಬಂತು. ಶುಂಠಿ ಹದವಾಗಿತ್ತು.

ಶನಿವಾರ ಅರೋರಾದಾಚೆಯ ಗುರಿ ಮೈದಾನಕ್ಕೆ ಹೋದೆವು. ನಾನು ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಗೆರೆಯ ಹಿಂದೆ ನಿಂತೆ. ಮೂರು ಗುಂಡು ಒಂದೇ ತೂತಿನಲ್ಲಿ ಹೋದಂತೆ ಹೋದವು. ನಾಲ್ಕನೆಯದರ ಸದ್ದೇ ಬೇರೆ. ರೈಫಲಿನ ಹಿಂಬದಿಯಿಂದ ಬುಸ್ಸೆಂದು ಹೊಗೆ ಚಿಮ್ಮಿತು. ಶಿವಾನಂದರ ತಲೆ ಹಿಂದಕ್ಕೆ ಹೋಯಿತು. ಕನ್ನಡಕದ ತುಂಬ ಮಸಿ. ಮೂರು ಸೆಕೆಂಡು ಅವರು ಅಲುಗಲಿಲ್ಲ. ಆ ಮೂರು ಸೆಕೆಂಡನ್ನು ನಾನು ಇವತ್ತಿಗೂ ದಿನಕ್ಕೆ ಹತ್ತು ಸಲ ನೋಡುತ್ತೇನೆ.

"ಮೂರ್ತಿಯವರ, ನನ್ನ ಕಣ್ಣು ಎರಡೂ ಅದಾವೇನ್ ನೋಡ್ರಿ."

"ಇವೆ, ಎರಡೂ ಇವೆ!"

"ಹಂಗಾರ ನೀವ್ಯಾಕ ನೆಲದ ಮ್ಯಾಲ ಕುಂತೀರಿ?"

ಮಾತು ತಮಾಷೆಯದಾದರೂ ಮನುಷ್ಯ ಕುಸಿದಿದ್ದರು. ಮನೆಗೆ ಬಂದು ಉಳಿದ ತೋಟಾಗಳನ್ನೆಲ್ಲ ಬಿಚ್ಚಿ ಮದ್ದು, ಗುಂಡು ಎರಡನ್ನೂ ತೂಗಿದರು. ಎಲ್ಲ ಸರಿ. ಅಂದಮೇಲೆ ಆ ಒಂದಕ್ಕೆ ಮದ್ದು ತಾವೇ ಹೆಚ್ಚು ಹಾಕಿರಬೇಕು ಎಂದು ತೀರ್ಮಾನಿಸಿದರು. "ದಿನಾ ಮಂದೀ ತಪ್ಪು ಹಿಡಿಯಾಂವ ನಾನು. ನನ್ನ ಕೈನ ನಂಬದಂಗ ಆತು. ಎಲ್ಲಾ ಮಾರಿಬಿಡ್ತೀನ್ರೀ." ಕಾರ್ಖಾನೆಯಲ್ಲೂ ಒಂದನ್ನೇ ಮೂರು ಸಲ ಅಳೆಯುತ್ತಿದ್ದರಂತೆ.

ಮುಂದಿನ ಭಾನುವಾರ ಸಾಮಾನು ಕಟ್ಟಲು ಹೋದೆ. ಕಪಾಟು ಸರಿಸಿದಾಗ ಧೂಳಿನಲ್ಲಿ ಇನ್ನೊಂದು ಗುಂಡು ಸಿಕ್ಕಿತು. ಸುಮ್ಮನೆ ತಕ್ಕಡಿಗಿಟ್ಟೆ. ನಮ್ಮ ಗುಂಡುಗಳಿಗಿಂತ ಬಹಳ ಭಾರ.

"ಓ, ಅದು ಹ್ವಾದ ಚಳಿಗಾಲದ್ದು. ಬ್ಯಾರೆ ಜಾತಿ, ಅದಕ್ಕ ಮದ್ದು ಕಮ್ಮಿ ಹಾಕಬೇಕು, ಇಲ್ಲಂದ್ರ ಹಿಂದಕ್ಕ ಸಿಡೀತದ. ಡಬ್ಬಿ ಬಿದ್ದು ಉರುಳಿದ್ವು ನೋಡ್ರಿ."

ನಾನು ತೂಗದೆ ನಡುವಿನ ಬಟ್ಟಲಿಗೆ ಹಾಕಿದ್ದೂ ಅದೇ ಜಾತಿಯದು. ಪಾದಕ್ಕೆ ತಾಕಿದ ಆ ಗುಂಡು ಈಗ ಅರೋರಾದಲ್ಲಿ ಗುರಿಯ ಹಿಂದಿನ ಮಣ್ಣಿನ ದಿಬ್ಬದೊಳಗಿದೆ. ಸಾಕ್ಷಿ ಎಂದರೆ ನಾನೊಬ್ಬನೇ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ನಿಜ ಮುಚ್ಚಿಟ್ಟವರ ಅರ್ಜಿಗಳನ್ನು ವರ್ಷಗಟ್ಟಲೆ ತಳ್ಳಿಹಾಕಿದ ನನಗೆ, ಮುಚ್ಚಿಡುವುದು ಎಷ್ಟು ಸುಲಭವೆಂದು ಅಂದು ಗೊತ್ತಾಯಿತು. ಆದರೆ ಶಿವಾನಂದ ತಕ್ಕಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದರು. ನೋಡಲಾಗಲಿಲ್ಲ. ಹೇಳಿಬಿಟ್ಟೆ.

"ತೂಗಲಿಲ್ಲೇನು?"

"ಇಲ್ಲ."

"ಮತ್ತೇನ್ ಮಾಡಿದ್ರಿ?"

"ಕಾಲು ತಾಕಿತ್ತಲ್ಲ... ಕಣ್ಣಿಗೊತ್ತಿಕೊಂಡೆ."

ಅವರು ಟವೆಲು ಸುತ್ತುವುದನ್ನು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಹಂಗಾರ ನಾ ಮದ್ದು ಸರೀನ ಹಾಕಿದ್ದೆ?" ಎಂದರು.

"ಸರಿಯಾಗೇ ಹಾಕಿದ್ರಿ."

ಟವೆಲು ಬಿಚ್ಚಿಕೊಂಡಿತು. ಮುಖವೂ. ಸಿಟ್ಟು ಬಂದದ್ದು ಆಮೇಲೆ. "ಏನ್ರೀ ಇದು! ನನ್ನ ಕಣ್ಣು ಹೋಗೂದಿತ್ತು, ನೀವು ನಿಮ್ಮ ಕಣ್ಣಿಗೆ ಒತ್ತಿಕೊಂಡ್ರಿ!" ಎಂದು ಕೂಗಿದವರು ನಗಲು ಶುರುಮಾಡಿ, ಕೆಮ್ಮಿ, ನನ್ನ ಬೆನ್ನಿಗೆ ಗುದ್ದಿದರು. ಸ್ನೇಹದ ಗುದ್ದಿಗಿಂತ ಅದು ತುಸು ಭಾರವಿತ್ತು, ತೂಗಲು ಹೋಗಲಿಲ್ಲ.

ರೈಫಲ್ ರಿಪೇರಿಯಾಗಿ ಬಂದಿದೆ, ಮಾರಾಟದ ಮಾತಿಲ್ಲ. ನನ್ನ ಕುರ್ಚಿ ಈಗ ಮೆಟ್ಟಿಲ ಬಳಿ; ಚಹಾ ತರುವ ಖಾತೆ ನನ್ನದು. ಕಳೆದ ಭಾನುವಾರ ಚಹಾ ಬಟ್ಟಲು ಹಿಡಿದು ಬರುವಾಗ ಮತ್ತೆ ಕಾಲಿಗೆ ಏನೋ ತಾಕಿತು. "ಮುಟ್ಟಬ್ಯಾಡ್ರಿ!" ಎಂದು ಶಿವಾನಂದ ಚೀರಿದರು. ನೋಡಿದರೆ ಹುರಿದ ಶೇಂಗಾ ಬೀಜ. ಆದರೂ ಅವರು ತಂದು ತಕ್ಕಡಿಗಿಟ್ಟು, ತೂಕ ನೋಡಿ, ಶೇಂಗಾ ಹೌದೆಂದು ಖಚಿತಪಡಿಸಿಕೊಂಡು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಮೇಲೆ ಅವರ ಮನೆಯವರ ಕುಕ್ಕರ್ ಕೂಗಿತು. ನಾನು ಮೇಜಿನ ಕೆಳಗಿದ್ದೆ. ಹೇಗೂ ಅಲ್ಲಿ ಯಾರೂ ನೋಡುವುದಿಲ್ಲವಲ್ಲ ಎಂದು ಆ ಶೇಂಗಾವನ್ನು ಕಣ್ಣಿಗೊತ್ತಿಕೊಂಡೆ.