ಮಾವನ ಮಗ್ಗ ಫೋನ್ ಮಾಡಿದ್ದು

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಇಳಕಲ್ಲಿನ ಅರ್ಧ ಊರು ಹೇಳುತ್ತದೆ. ಇನ್ನರ್ಧ ಊರಿಗೆ ಅವನು ಇನ್ನೂ ಸಿಕ್ಕಿಲ್ಲ, ಅಷ್ಟೇ!

ಅವನು ಮಗ್ಗ ರಿಪೇರಿಯವನು. ಹುನಗುಂದವೋ ಗುಳೇದಗುಡ್ಡವೋ, ಎಲ್ಲಿ ಪವರ್‌ಲೂಮ್ ಹಟ ಹಿಡಿದರೂ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಮನೆಯಲ್ಲಿ ಅತ್ತೆ ಒಬ್ಬಳೇ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಕಳೆದ ವರ್ಷ ಅವನು ಊರಲ್ಲಿಲ್ಲದಾಗ ಅವಳಿಗೆ ತಲೆಸುತ್ತು ಬಂದು ಮಗ್ಗದ ಮೇಲೇ ಕುಸಿದಳು. ಮಗ್ಗ ಸದ್ದು ಮಾಡಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಸುಮ್ಮನಾದರೆ ಯಾರಿಗೆ ಗೊತ್ತಾಗಬೇಕು? ಸಂಜೆ ಮಾವ ಬಂದು ನೋಡಿದಾಗಲೇ ತಿಳಿದದ್ದು. ಅವಳನ್ನು ದವಾಖಾನೆಯಿಂದ ಮನೆಗೆ ಕರೆತಂದವನೇ ಘೋಷಿಸಿದ:

"ಇನ್ನ ಮ್ಯಾಲೆ ಮಗ್ಗ ನಿಂತ್ರ ಮಗ್ಗಾನ ನನಗ ಫೋನ್ ಮಾಡಬೇಕು!"

ಮಗ್ಗದ ಅಲುಗಾಟ ಗ್ರಹಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಂಪ್ಯೂಟರ್ ಬೋರ್ಡು ತರಿಸಿದ. ಅದರೊಳಗೊಂದು ಪುಟಾಣಿ ಆಪರೇಟಿಂಗ್ ಸಿಸ್ಟಮ್. ಆದರೆ ಅದಕ್ಕೆ ಹೊರಜಗತ್ತಿನೊಡನೆ ಮಾತಾಡಲು ಬರುವುದಿಲ್ಲ. ಮಾತು ಕಲಿಸುವ ನೆಟ್‌ವರ್ಕ್ ಲೈಬ್ರರಿಯೊಂದಿದೆ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟು. ಓಪನ್ ಸೋರ್ಸ್, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು. ಬರೆದದ್ದು ಮಾತ್ರ ದೊಡ್ಡ ಕಂಪ್ಯೂಟರುಗಳಿಗೆ. ಅದನ್ನು ಈ ಪುಟಾಣಿಗೆ ಒಗ್ಗಿಸುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿ, ಬಾಗಲಕೋಟೆಯಲ್ಲಿ ಇದನ್ನೇ ಕಲಿಸುವ ನಾನು ತಲೆ ಅಲ್ಲಾಡಿಸಿದೆ.

"ಮಾಮಾ, ಇದು ಇಂಜಿನಿಯರ್ ಮಂದಿಗೇ ಜಲ್ದಿ ಆಗೂದಿಲ್ಲ. ರೆಡಿ ಡಬ್ಬಿ ಸಿಗ್ತಾವು, ತಗೊಂಡು ಕುಂದ್ರು."

"ಮಂದಿ ಹಾಕಿದ ಗಂಟು ನಾ ನಂಬೂದಿಲ್ಲಲೇ ಅಳಿಯಾ. ನಮ್ಮ ಸೀರಿ ಹೆಂಗ ಆಗತೈತಿ ಹೇಳು? ಮೈ ಹತ್ತೀದು, ಸೆರಗು ರೇಷ್ಮೀದು. ಎರಡರದೂ ಒಂದೊಂದ ಎಳಿ ಕೊಂಡಿ ಹಾಕಿ ಕೂಡಸ್ತೀವಿ. ನಿನ್ನ ಲೈಬ್ರರಿ ಸೆರಗು, ಈ ಸಿಸ್ಟಮ್ ಮೈ. ಮುಗೀತಲ್ಲ!"



ಲೈಬ್ರರಿ ಬಯಸುವ ಒಂದೊಂದು ಸವಲತ್ತಿಗೂ ಬೋರ್ಡಿನಲ್ಲಿ ಅದರ ಜೋಡಿ ಹುಡುಕಿ ಮಾವ ಕೂಡಿಸತೊಡಗಿದ. ಒಂದು ಕೂಡಿದರೆ ಜೇಬಿನಲ್ಲಿದ್ದ ಕೆಂಪು ರೇಷ್ಮೆ ಎಳೆಗೆ ಒಂದು ಗಂಟು. ಬಾದಾಮಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ "ಎಲ್ಲೀ ತನಕ ಬಂತು?" ಎಂದರೆ ಕಣ್ಣು ಮುಚ್ಚಿ ಎಳೆ ತಡವಿ "ಇಪ್ಪತ್ಮೂರು!" ಎನ್ನುತ್ತಿದ್ದ. ಅದು ಜಪ ಎಂದುಕೊಂಡು ಪಕ್ಕದವರೊಬ್ಬರು ಕೈ ಮುಗಿದರು. ಅಥವಾ ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ? ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ.

ಕೊನೆಗೆ ಎಲ್ಲ ಕೂಡಿತು. ಐದು ನಿಮಿಷ ಮಗ್ಗ ಸುಮ್ಮನಿದ್ದರೆ ಮಾವನ ಫೋನು ಗುರ್ರೆನ್ನಬೇಕು. ಅತ್ತೆ ಲಾಳಿ ಕೆಳಗಿಟ್ಟಳು. ಐದು ನಿಮಿಷವಾಯಿತು. ಹತ್ತಾಯಿತು. ನಾವಿಬ್ಬರೂ ಫೋನು ದಿಟ್ಟಿಸುತ್ತ ಕೂತೆವು. ಅತ್ತೆ ರೊಟ್ಟಿ ಬಡಿದು, ಪಲ್ಯ ಮಾಡಿ, ಭಾಂಡೆ ತಿಕ್ಕಿ ಬಂದಳು. ಆಗ ಗುರ್ರೆಂದಿತು!

"ಬಂತು!" ಮಾವ ಕುಣಿದ.

"ಏನ್ ಬಂತ್ರಿ? ನಾ ಖರೇನ ಬಿದ್ದಿದ್ರ ಇಷ್ಟೊತ್ತಿಗೆ ಮಂದಿ ಹೂವಿನ ಮಾಲಿ ತಗೊಂಡು ಬರ್ತಿದ್ರು. ನಿಮ್ಮ ಡಬ್ಬ್ಯಾಗಿನ ಗಡಿಯಾರ ಭಾಳ ಸಾವಕಾಶ ಓಡತೈತಿ, ನೋಡ್ರಿ."

ಅದೇ ಆಗಿತ್ತು. ಲೈಬ್ರರಿ ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುತ್ತದೆ. ಬೋರ್ಡು ಹತ್ತು ಮಿಲಿಸೆಕೆಂಡಿಗೊಮ್ಮೆ ಒಂದು ಎನ್ನುತ್ತದೆ. ಮಾವ ಎಳೆಗೆ ಎಳೆ ಎಂದು ನೇರ ಕೂಡಿಸಿಬಿಟ್ಟಿದ್ದ. ಐದು ನಿಮಿಷ ಐವತ್ತಾಗಿತ್ತು! ಈ ತಪ್ಪು ಹಿಡಿದದ್ದು ನಾನು ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಈಗ ಬರೆಯುತ್ತ ಕೂತರೆ ಹಾಗನ್ನಿಸುತ್ತಿಲ್ಲ.

ಅದನ್ನು ತಿದ್ದಿ ತಿಂಗಳಾಗಿತ್ತು. ಊಟಕ್ಕೋ ನಿದ್ದೆಗೋ ಎದ್ದರೆ ಅತ್ತೆ ಮರೆಯದೆ ಡಬ್ಬಿಯ ಸ್ವಿಚ್ಚು ಆರಿಸುತ್ತಿದ್ದಳು. ಒಂದು ಮಧ್ಯಾಹ್ನ ಮಾವನನ್ನು ನನ್ನ ಬೈಕಿನಲ್ಲಿ ಹುನಗುಂದಕ್ಕೆ ಕರೆದೊಯ್ದಿದ್ದೆ. ಅವನು ಚಪ್ಪಲಿ ಕಳಚಿಟ್ಟು ಪವರ್‌ಲೂಮಿನ ಅಡಿ ಮಲಗಿದ್ದಾಗ ಫೋನು ಗುರ್ರೆಂದಿತು: ಮಗ್ಗ ನಿಂತಿದೆ. ಅತ್ತೆಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ.

"ಗಾಡಿ ತಗಿ," ಎಂದ. ಅಂಥ ಸಣ್ಣ ದನಿ ಅವನಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಐದೈದು ನಿಮಿಷಕ್ಕೆ ಅವನ ಅಂಗಿಯ ಜೇಬು ನನ್ನ ಬೆನ್ನಿಗೆ ಗುರ್ರೆನ್ನುತ್ತಿತ್ತು. ಒಂದು ಪ್ರೋಗ್ರಾಮು ಇಷ್ಟು ಸರಿಯಾಗಿ ಕೆಲಸ ಮಾಡಬಾರದಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಹೋಗಿ ನೋಡಿದರೆ ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾಳೆ! ನನಗೆ ಹೋದ ಜೀವ ಬಂತು, ಜೊತೆಗೆ ಸಿಟ್ಟೂ ಬಂತು.

"ಅತ್ತೀ, ಫೋನ್ ಯಾಕ ಎತ್ತಲಿಲ್ಲ?"

"ಎತ್ತಿದ್ರ ಅಲ್ಲೇ ಕುಂದರ್ತಿದ್ರಿ. ಸುದ್ದಿ ಬರೂದು ಅವತ್ತ ನೋಡೀನಲ್ಲ. ಇವರು ಬರ್ತಾರೋ ಇಲ್ಲೋ, ಅದೊಂದು ನೋಡೂದಿತ್ತು."

 ಮಾವ ಕಟ್ಟೆಗೆ ಕೈಯೂರಿ ಮೆಲ್ಲಗೆ ಕೂತ. ಆಗ ಅತ್ತೆಯ ಕಣ್ಣು ಅವನ ಕಾಲಿನ ಮೇಲೆ ಬಿತ್ತು.

"ಚಪ್ಪಲಿ ಎಲ್ರಿ?"

ಮಾವ ಬಗ್ಗಿ ನೋಡಿಕೊಂಡ. ಅವನಿಗೂ ಗೊತ್ತಿರಲಿಲ್ಲ.

ಅತ್ತೆ ಶೇಂಗಾದ ಮೊರ ಬದಿಗಿಟ್ಟು ಎದ್ದಳು. ಒಳಗಿಂದ ತಂಬಿಗೆಯಲ್ಲಿ ನೀರು ತಂದು ಅವನ ಪಾದದ ಮೇಲೆ ನಿಧಾನಕ್ಕೆ ಸುರಿಯತೊಡಗಿದಳು. ಅಷ್ಟರಲ್ಲಿ ಅವನ ಜೇಬು ಮತ್ತೆ ಗುರ್ರೆಂದಿತು.

ಅಳುವ ಕೂಸನ್ನು ತಟ್ಟುವ ಹಾಗೆ ಮಾವ ಜೇಬಿನ ಮೇಲೆ ಕೈಯಿಟ್ಟ.

"ಗೊತ್ತಾತಪಾ," ಎಂದ. "ಬಂದೀನಿ."