ಒಂಬತ್ತು ಬೆರಳು ಓರೆ

ಬಹಳ ಹಿಂದೆ, ಸಮಿತಿಗಳು ಹುಟ್ಟಿ ಅವುಗಳ ವರದಿಗಳಿನ್ನೂ ಹುಟ್ಟದೇ ಇದ್ದ ಕಾಲದಲ್ಲಿ, ನೆಟ್ಟನಾಡು ಎಂಬ ರಾಜ್ಯವಿತ್ತು. ಓದುಗ ಮಹಾಶಯರು ಅದನ್ನು ಭೂಪಟದಲ್ಲಿ ಹುಡುಕಬಾರದು. ಭೂಪಟ ಇಟ್ಟಿದ್ದ ಕಚೇರಿ ಯುದ್ಧದಲ್ಲಿ ಸುಟ್ಟುಹೋಯಿತು. ಯಾರು ಯಾರ ಮೇಲೆ ಕಾದುತ್ತಿದ್ದಾರೆಂಬುದು ಕಾದುವವರಿಗೇ ಮರೆತುಹೋದ ಮೇಲೆ, ಕಡಲಾಚೆಯಿಂದ ಮಿತ್ರಪಡೆ ಎಂಬ ದೊಡ್ಡ ಸೈನ್ಯ ಬಂದಿಳಿಯಿತು. ಮೂರು ತಿಂಗಳಿಗೆಂದು ಬಂದದ್ದು ಹದಿನೇಳು ವರ್ಷ ಉಳಿಯಿತು.

ಆ ಪಡೆ ಮಾಡಿದ ಬೇರೆ ಘನಕಾರ್ಯಗಳನ್ನು ನಾನರಿಯೆ. ಒಂದನ್ನು ಮಾತ್ರ ಬಡಿಗೇರ ಮೋನಪ್ಪ ಕಣ್ಣಾರೆ ಕಂಡಿದ್ದ. ಯುದ್ಧದ ಗದ್ದಲದಲ್ಲಿ ಮಹಾರಾಜ ನಿಶ್ಚಲವರ್ಮರ ಸಿಂಹಾಸನದ ಒಂದು ಕಾಲು ಮುರಿದಿತ್ತು. ಆ ಮೂಲೆಯಡಿ ಮಿತ್ರಪಡೆಯ ಸಿಪಾಯಿಯೊಬ್ಬ ಕುಕ್ಕರಗಾಲಲ್ಲಿ ಕೂತು ಹೆಗಲು ಕೊಟ್ಟಿರುತ್ತಿದ್ದ. ದಿನಕ್ಕೆ ಮೂರು ಪಾಳಿ. ಜರಿಯ ಪರದೆ ಇಳಿಬಿಟ್ಟಿದ್ದರಿಂದ ಪ್ರಜೆಗಳಿಗೆ ಕಾಣುತ್ತಿರಲಿಲ್ಲ. ಅವನಿಗೆ ಸೀನು ಬಂದರೆ ಮಾತ್ರ ಸಿಂಹಾಸನವೇ ಸೀನಿದಂತಾಗಿ, ಸಭೆಯೆಲ್ಲ ಎದ್ದು "ಚಿರಾಯುವಾಗಲಿ" ಎನ್ನುತ್ತಿತ್ತು.

ಮೋನಪ್ಪನ ಚಿಂತೆಯೇ ಬೇರೆ. ಹೆಂಡತಿ ಈರಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಏಳು ವರ್ಷದಿಂದ ಹೊಳೆಯಾಚೆ ನಿರಾಶ್ರಿತರ ಡೇರೆಯಲ್ಲಿದ್ದಳು. ಮನೆ ಎರಡು ಸಲ ಬಿದ್ದಿತ್ತು. "ಗ್ವಾಡಿ ನೆಟ್ಟಗ ನಿಂತು ತೊಲಿ ಕುಂತಿಂದ ಹೇಳಿ ಕಳಸ್ರಿ. ಮತ್ತೊಮ್ಮೆ ಓಡೋ ಶಕ್ತಿ ನನ್ನ ಕಾಲಾಗಿಲ್ಲ" ಎಂದು ಅವಳು ಹೇಳಿಕಳಿಸಿದ್ದಳು. ಮೋನಪ್ಪ ಮೂರನೇ ಸಲ ಗೋಡೆ ಎಬ್ಬಿಸಿದ, ತೊಲೆ ಕೂರಿಸಿದ, ಹೆಂಚು ಹೊದಿಸಿದ. ಕದ ಒಂದು ಹಚ್ಚಿದರೆ ಹೇಳಿಕಳಿಸುವುದೊಂದೇ ಬಾಕಿ.

ಅಷ್ಟರಲ್ಲಿ ಮಿತ್ರಪಡೆಯ ದಂಡನಾಯಕ ಹುಣ್ಣಿಮೆಗೆ ಹೊರಡುತ್ತೇವೆಂದು ಸಾರಿದ. ಅದಕ್ಕೆ ಮುಂಚೆ ರಾಜ್ಯ ಸ್ಥಿರವಾಗಿದೆ ಎಂಬ ಸರ್ಟಿಫಿಕೇಟಿಗೆ ಅವನು ಸಹಿ ಹಾಕಬೇಕು. ಅರಮನೆಯಲ್ಲಿ ಯಾರಿಗೂ ಅನ್ನ ಸೇರದಾಯಿತು. ಮೋನಪ್ಪನಿಗೆ ಕರೆ ಬಂತು.

ಅವನು ಪರದೆ ಸರಿಸಿ, ಸಿಪಾಯಿಗೆ ನಮಸ್ಕಾರ ಹೇಳಿ, ಮುರಿದ ಜಾಗ ತಡವಿ ನೋಡಿದ. "ಇದಕ್ಯಾಕ್ರಿ ಇಷ್ಟು ಚಿಂತಿ? ಒಂದು ಸಾಗವಾನಿ ತುಂಡು ಕೊಡಸ್ರಿ. ಸಂಜೀ ಒಳಗ ಹೊಸ ಕಾಲು ಹಚ್ಚಿ ಕೊಡ್ತೀನಿ."

ಮಹಾರಾಜರ ಮುಖ ಅರಳಿತು. ಪುನರ್ನಿರ್ಮಾಣ ಮಂತ್ರಿ ತಥಾಸ್ತುರಾಯರ ಮುಖ ಬಾಡಿತು. ಸಂಜೆಯೊಳಗೆ ಮುಗಿಯುವ ಕೆಲಸಕ್ಕೆ ಹದಿನೇಳು ವರ್ಷ ಒಂದು ಇಲಾಖೆ ಏಕಿತ್ತೆಂದು ಯಾರಾದರೂ ಕೇಳಿಬಿಟ್ಟರೆ?

"ಪ್ರಭು, ಹೊಸ ಕಾಲು ಜೋಡಿಸಿದರೆ ಹಳೆಯದು ಮುರಿದಿತ್ತೆಂದು ಒಪ್ಪಿದಂತಾಯಿತು" ಎಂದರು ಮಂತ್ರಿಗಳು. "ನಮ್ಮ ಪತ್ರಿಕಾ ಪ್ರಕಟಣೆಗಳಲ್ಲಿ ಅದು ಒಮ್ಮೆಯೂ ಮುರಿದಿಲ್ಲ. ತಾವು ಆಸೀನರಾದ ಪೀಠ ಓರೆಯಾಗಲು ಶಕ್ಯವೇ? ಓರೆಯಾಗಿರುವುದು ರಾಜ್ಯ."

"ನಮಗೂ ಬಹುದಿನಗಳಿಂದ ಹಾಗೇ ಅನ್ನಿಸುತ್ತಿತ್ತು" ಎಂದರು ಮಹಾರಾಜರು.

ತಜ್ಞರ ಉನ್ನತಾಧಿಕಾರ ಸಮಿತಿ ಕೂಡಲೇ ಕೂಡಿತು. ಸಿಪಾಯಿ ಚಹಾಕ್ಕೆ ಹೋದಾಗ ಸಿಂಹಾಸನ ಒಂಬತ್ತು ಬೆರಳು ಮೂಡಣಕ್ಕೆ ಕುಸಿಯಿತು. ತಜ್ಞರು ಒಬ್ಬೊಬ್ಬರಾಗಿ ಅದರ ಮೇಲೆ ಕೂತು ಕಿಟಕಿಯಾಚೆ ನೋಡಿದರು. ಹೌದು, ಊರೆಲ್ಲ ಪಡುವಣಕ್ಕೆ ವಾಲಿತ್ತು. ಮೋನಪ್ಪ ಸುಮ್ಮನಿರಲಾರದೆ ತನ್ನ ರಸಮಟ್ಟ ತೆಗೆದು ನೆಲದ ಮೇಲಿಟ್ಟು ತೋರಿಸಿದ, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಸಿಂಹಾಸನದ ಮೇಲಿಟ್ಟ, ಗುಳ್ಳೆ ಅಂಚಿಗೆ ಓಡಿತು. ಮಹಾರಾಜರ ಸಮ್ಮುಖದಲ್ಲಿ ಓಡಿಹೋದ ಅಪರಾಧಕ್ಕಾಗಿ ಗುಳ್ಳೆಯನ್ನು ಗಾಜಿನ ಸಮೇತ ವಿಚಾರಣೆಗೆ ವಶಪಡಿಸಿಕೊಳ್ಳಲಾಯಿತು.

ಮರುದಿನವೇ ರಾಜಾಜ್ಞೆ ಹೊರಟಿತು: ಸಮಗ್ರ ಸಮರೇಖೀಕರಣ ಯೋಜನೆ. ರಾಜ್ಯದ ಸಕಲ ವಸ್ತುಗಳೂ ಹುಣ್ಣಿಮೆಯೊಳಗಾಗಿ ಒಂಬತ್ತು ಬೆರಳು ಮೂಡಣಕ್ಕೆ ವಾಲತಕ್ಕದ್ದು. ಮೋನಪ್ಪನಿಗೆ ಮುಖ್ಯ ವಾಲು ಅಭಿಯಂತರನೆಂಬ ಪದವಿ, ಒಂದು ಗರಗಸ, ಹಿಂದೊಬ್ಬ ಕಾವಲುಗಾರ. ಮಂಚ, ಮಣೆ, ತೊಟ್ಟಿಲು, ಪಂಡಿತರ ವ್ಯಾಸಪೀಠ, ಕಂಡದ್ದೆಲ್ಲದರ ಮೂಡಣ ಕಾಲು ಕತ್ತರಿಸುತ್ತ ಬಂದ. ಮಲಗಿದವರು ಬೆಳಗಾಗುವಷ್ಟರಲ್ಲಿ ಮಂಚದ ಮೂಡಣ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದರು. ಮದುವೆ ಪಂಕ್ತಿಯಲ್ಲಿ ಬಡಿಸಿದ ಸಾರೆಲ್ಲ ಹರಿದು ಹರಿದು ಕಟ್ಟಕಡೆಯ ಎಲೆಗೆ ಸೇರುತ್ತಿತ್ತು. ಆ ಜಾಗಕ್ಕೆ ಬೀಗರ ನಡುವೆ ಹೊಡೆದಾಟಗಳಾದವು. ನೆಟ್ಟಗೆ ನಡೆದವರಿಗೆ ದಂಡ. ಕುಡುಕರು ಮಾತ್ರ ಮಾದರಿ ಪ್ರಜೆಗಳೆಂದು ಶಾಲು ಹೊದಿಸಿಕೊಂಡರು.

ಕೊನೆಗೆ ಉಳಿದದ್ದು ಮನೆಗಳು. ಒಂದೊಂದು ಮನೆಯ ಮೂಡಣ ಗೋಡೆಯಡಿ ಎರಡು ಸಾಲು ಕಲ್ಲು ಕಿತ್ತರೆ ಲೆಕ್ಕ ಸರಿಹೋಗುತ್ತದೆಂದು ಸಮಿತಿ ಹೇಳಿತು.

ಮೋನಪ್ಪ ಮಂತ್ರಿಗಳ ಕಾಲು ಹಿಡಿದ. "ಬುದ್ಧೀ, ನನ್ನ ಮನಿ ಒಂದು ಬಿಟ್ಟುಬಿಡ್ರಿ. ಏಳು ವರ್ಷ ಆತು, ಮಕ್ಕಳ ಮಾರಿ ನೋಡಿಲ್ಲ. ಗ್ವಾಡಿ ನೆಟ್ಟಗಿಲ್ಲಂದ್ರ ಅಕಿ ಬರೂದಿಲ್ಲ."

"ಮುಖ್ಯ ಅಭಿಯಂತರರ ಮನೆಯೇ ನೆಟ್ಟಗಿದ್ದರೆ ಜನಕ್ಕೆ ಯಾವ ಸಂದೇಶ ಹೋಗುತ್ತದಪ್ಪಾ? ದೇಶ ಸ್ಥಿರವಾದರೆ ಆಕೆ ತಾನಾಗಿ ಬರುತ್ತಾಳೆ" ಎಂದು ತಥಾಸ್ತುರಾಯರು ಅವನ ಬೆನ್ನು ಸವರಿದರು. ಮೋನಪ್ಪ ತಾನಿಟ್ಟ ಕಲ್ಲುಗಳನ್ನು ತಾನೇ ಅಳುತ್ತ ಕಿತ್ತ.

ಹುಣ್ಣಿಮೆಯ ಬೆಳಿಗ್ಗೆ ದಂಡನಾಯಕ ಪರಿಶೀಲನೆಗೆ ಬಂದ. ಅವನಿಗೆ ಹಾಕಿದ್ದ ಕುರ್ಚಿಯೂ ಮೂರೇ ಕಾಲಿನದು. ಅದರಲ್ಲಿ ಕೂತು ನೋಡಿದರೆ ಸಿಂಹಾಸನಕ್ಕೂ ಊರಿಗೂ ಕೂದಲೆಳೆಯಷ್ಟು ಭಿನ್ನಾಭಿಪ್ರಾಯವಿರಲಿಲ್ಲ. ಅವನು ಬುದ್ಧಿವಂತ, ಏನೋ ಸರಿಯಿಲ್ಲ ಅನ್ನಿಸಿರಬೇಕು. ಆದರೆ ರೇವಿನಲ್ಲಿ ಹಡಗು ಕೂಗುತ್ತಿತ್ತು. "ಸಂಪೂರ್ಣ ಸ್ಥಿರ" ಎಂದು ಬರೆದು ಸಹಿ ಹಾಕಿದ. ಆಗಲೇ ಹೆಗಲು ತೆಗೆದಿದ್ದ ಕೊನೆಯ ಸಿಪಾಯಿ ಪರದೆಯಿಂದ ಹೊರಬಂದು, ಸೊಂಟ ನೆಟ್ಟಗೆ ಮಾಡಿಕೊಂಡು, ದಂಡ ತೆರಬೇಕಾದೀತೆಂದು ಮತ್ತೆ ಬಗ್ಗಿ ಹಡಗು ಹತ್ತಿದ.

ಅದೇ ಮುಹೂರ್ತದಲ್ಲಿ ನಿಶ್ಚಲವರ್ಮರಿಗೆ ಸ್ಥಿರಸಮ್ರಾಟ್ ಎಂದು ಮರುಪಟ್ಟಾಭಿಷೇಕವಾಯಿತು. ಜಾರದಿರಲೆಂದು ಕಿರೀಟವನ್ನು ಗದ್ದಕ್ಕೆ ದಾರದಿಂದ ಬಿಗಿದರು, ಸಮ್ರಾಟರನ್ನು ಪೀಠಕ್ಕೆ ಪಟ್ಟಿಯಿಂದ ಬಿಗಿದರು.

ದೇಶ ಸ್ಥಿರವಾಯಿತೆಂಬ ಡಂಗುರ ಹೊಳೆಯಾಚೆಗೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಈರಮ್ಮ ಗಂಟು ಹೊತ್ತು, ಮಕ್ಕಳ ಕೈಹಿಡಿದು ಬಾಗಿಲಿಗೆ ಬಂದಳು. ಮನೆ ಕಿರುಗುಟ್ಟುತ್ತಿತ್ತು. ಒಳಗೆ ಮೋನಪ್ಪ ಜಾರುತ್ತಿದ್ದ ತೊಲೆಯನ್ನು ಎರಡೂ ಕೈಯಿಂದ ಎತ್ತಿಹಿಡಿದು ನಿಂತಿದ್ದ. ಏಳು ವರ್ಷದ ಮೇಲೆ ಹೆಂಡತಿ ಮಕ್ಕಳನ್ನು ಕಂಡವನಿಗೆ ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ.

"ಒಳಗ ಬರ್ಲೇನ್ರಿ?" ಎಂದಳು ಈರಮ್ಮ.

"ಬಾ. ಹುಡುಗ್ಯಾರನ್ನ ಹೊರಗ ನಿಲ್ಲಿಸಿ ಬಾ. ಆ ಕಡಿ ತುದಿ ಹಿಡಿ."

ಅವಳು ಗಂಟನ್ನು ಮಕ್ಕಳ ಕೈಗಿತ್ತು ಹೋಗಿ ಹಿಡಿದಳು.

ಸಾಯಂಕಾಲ ಸಮ್ರಾಟರ ಮೆರವಣಿಗೆ ಆ ಬೀದಿಗೆ ಬಂತು. ಎಡಕ್ಕೂ ಬಲಕ್ಕೂ ಪ್ರತಿ ಮನೆಯ ಬಾಗಿಲೊಳಗೆ ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಸಮ್ರಾಟರ ಕಣ್ಣು ತುಂಬಿ ಬಂತು.

"ತಥಾಸ್ತುರಾಯರೇ, ಇಷ್ಟು ಪ್ರೀತಿಯೇ ನಮ್ಮ ಮೇಲೆ?"

"ಒಬ್ಬನಾದರೂ ಕೈ ಇಳಿಸಿದ್ದರೆ ಕೇಳಿ ಪ್ರಭು."

ಈ ಗೌರವವನ್ನು ಇನ್ನು ಮುಂದೆ ಪ್ರಜೆಗಳು ಅಹೋರಾತ್ರಿ ಸಲ್ಲಿಸತಕ್ಕದ್ದೆಂದು ಅಲ್ಲೇ ಆಜ್ಞೆಯಾಯಿತು. ಮೆರವಣಿಗೆ ಮುಂದೆ ಸಾಗಿತು. ಮೋನಪ್ಪನ ಮಕ್ಕಳಿಬ್ಬರೂ ಬೇಡವೆಂದರೂ ಕೇಳದೆ ಒಳಗೆ ಬಂದು, ಗಂಟು ಬಿಚ್ಚಿ, ರೊಟ್ಟಿ ಮುರಿದು, ಒಂದು ತುತ್ತು ಅಪ್ಪನ ಬಾಯಿಗೆ, ಒಂದು ತುತ್ತು ಅವ್ವನ ಬಾಯಿಗೆ ಇಡತೊಡಗಿದರು.